ತಾತನ ಶ್ರುತಿ ಬಿಳಿ ನಾಲ್ಕು

ಹಾಸನದಲ್ಲಿ ಆಗ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. ನಾವು ನಾಲ್ಕು ಜನ ಸೇರಿ ಬ್ಯಾಂಡ್ ಮಾಡಿದ್ದೇವೆ ಅಂತ ಮನೆಯಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ, "ಡ್ರೆಸ್ಸು ಅವರೇ ಕೊಡ್ತಾರಾ?" ಅಪ್ಪ ಏನೂ ಕೇಳಲಿಲ್ಲ. ಅದು ಇನ್ನೂ ಅಪಾಯ ಅಂತ ನಮ್ಮಪ್ಪನನ್ನು ಬಲ್ಲವರಿಗೆ ಗೊತ್ತು.

ನಾನು ಈ ಕಾಲೇಜಿಗೆ ಬಿ.ಎಸ್ಸಿ. ಸೇರಿದ್ದು 2007ರಲ್ಲಿ. ಹಾಸ್ಟೆಲ್ಲಿನಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯುತ್ತಿರಲಿಲ್ಲ, ಊರೇ ಹೆಸರು. ನಾನು ಆಲೂರು. ಡ್ರಮ್ ಬಾರಿಸುವವನು ಸಕಲೇಶಪುರ. ಚರ್ಚಿನ ಹಾಡುಗಾರರ ಜೊತೆ ಬಾರಿಸಿ ಕೈ ಪಳಗಿತ್ತು. ಕೀಬೋರ್ಡಿನವನು ಅರಸೀಕೆರೆ. ಹಾಡುವವನು ಚನ್ನರಾಯಪಟ್ಟಣದ ಕಡೆಯ ಹಳ್ಳಿಯವನು, ಹಾಗಾಗಿ ಅವನು ಪಟ್ಣ. ಈ ಬರಹದಲ್ಲೂ ಅದೇ ಹೆಸರುಗಳಿರಲಿ. ನಿಜವಾದ ಹೆಸರು ಹಾಕಿದರೆ ಅವರೇ ಯಾರಪ್ಪಾ ಇವರು ಅಂತಾರೆ.

ನಮ್ಮ ಹತ್ತಿರ ಇದ್ದ ಸಾಮಾನು ಅಷ್ಟಕ್ಕಷ್ಟೆ. ನನ್ನದು ಸೆಕೆಂಡ್ ಹ್ಯಾಂಡ್ ಅಕೌಸ್ಟಿಕ್ ಗಿಟಾರ್, ಅದರ ಶಬ್ದವನ್ನು ಸ್ಪೀಕರಿಗೆ ಕೊಡುವ ಪಿಕಪ್ ಇಲ್ಲ. ಸ್ಟೇಜ್ ಮೇಲೆ ಅದರ ತೂತಿನ ಬಾಯಿಗೆ ಕಾಲರ್ ಮೈಕ್ ಅಂಟಿಸುತ್ತಿದ್ದೆವು. ಸ್ವಲ್ಪ ಅಲುಗಾಡಿದರೂ ಕುಂಯ್ ಅನ್ನುತ್ತಿತ್ತು. ಅರಸೀಕೆರೆಯ ಕೀಬೋರ್ಡು ಅವನ ಮಾವನದು, ವಾರಕ್ಕೊಮ್ಮೆ ವಾಪಸ್ ಕೊಡಬೇಕು. ಸಕಲೇಶಪುರ ಮಾತ್ರ ಆರಾಮಾಗಿದ್ದ. ಅವನಿಗೆ ಬೆಂಚ್ ಸಾಕು.

ಏನು ನುಡಿಸುತ್ತಿದ್ದೆವು ಅಂದರೆ, ಎಲ್ಲವನ್ನೂ. ಸಕಲೇಶಪುರದ ಕಾಫಿ ತೋಟದ ಮನೆಗಳಿಂದ ಬಂದ ಇಂಗ್ಲಿಷ್ ಕ್ಯಾಸೆಟ್ಟಿನ ಹಾಡು, ಹೊಸ ಸಿನಿಮಾ ಹಾಡು, ನಡುವೆ ಒಂದು ಭಾವಗೀತೆ. 2008ರಲ್ಲಿ 'ಸೈಕೋ' ಅನ್ನುವ ಸಿನಿಮಾದ 'ನಿನ್ನ ಪೂಜೆಗೆ ಬಂದೆ ಮಹದೇಶ್ವರ' ಬಂತು. ಆ ವರ್ಷ ಈ ಕಾಲೇಜಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಂಟೀನಿನಲ್ಲಿ ಒಬ್ಬನ ಮೊಬೈಲಿನಿಂದ ಇನ್ನೊಬ್ಬನ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಹೋಗಿ ಹೋಗಿ, ಒಂದು ವಾರದಲ್ಲಿ ಇಡೀ ಹಾಸ್ಟೆಲ್ಲಿನ ರಿಂಗ್‌ಟೋನ್ ಅದೇ ಆಯಿತು. ಯಾರ ಫೋನ್ ಹೊಡೆದರೂ ಎಲ್ಲರೂ ಜೇಬಿಗೆ ಕೈ ಹಾಕುವುದು.

ಮಾದಪ್ಪನ ಪದ ನಮಗೆ ಹೊಸದಲ್ಲ. ಕಂಸಾಳೆಯವರು ಊರೂರಿಗೆ ಬಂದು ಹಾಡುವುದನ್ನು ಚಿಕ್ಕಂದಿನಿಂದ ಕೇಳಿದವರೇ. ಆದರೆ ಅದರ ಕೆಳಗೆ ಗಿಟಾರ್ ಹೀಗೆ ಕೂರುತ್ತೆ ಅಂತ ಗೊತ್ತಿರಲಿಲ್ಲ. ಹಾಡಿದವರು, ಸಂಗೀತ ಕೊಟ್ಟವರು ರಘು ದೀಕ್ಷಿತ್. ಅದೇ ವರ್ಷ ಅವರ ಬ್ಯಾಂಡಿನ ಮೊದಲ ಆಲ್ಬಂ ಕೂಡ ಬಂದಿತ್ತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳು. ಅರಸೀಕೆರೆ ಬೆಂಗಳೂರಿನಿಂದ ಸಿಡಿ ತಂದ. ಅದನ್ನು ಎಷ್ಟು ಸಲ ಹಾಕಿದೆವು ಅಂದರೆ ಪಕ್ಕದ ರೂಮಿನ ಹುಡುಗರು ವಾರ್ಡನ್‌ಗೆ ದೂರು ಕೊಟ್ಟರು.

ನಮ್ಮ ಮೈಕ್ರೋಬಯಾಲಜಿ ಮೇಡಂಗೆ ರಘು ದೀಕ್ಷಿತ್ ವಿಷಯದಲ್ಲಿ ಬೇರೆಯದೇ ಹೆಮ್ಮೆ. ರಘು ಮೈಸೂರು ವಿಶ್ವವಿದ್ಯಾಲಯದ ಮೈಕ್ರೋಬಯಾಲಜಿ ಎಂ.ಎಸ್ಸಿ., ಅದೂ ಚಿನ್ನದ ಪದಕ. ಆಗ ನಮ್ಮ ಕಾಲೇಜೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಲ್ಯಾಬಿನಲ್ಲಿ ಪೆಟ್ರಿ ಡಿಶ್ ಮುಂದೆ ನಾವು ಗುನುಗುವುದು ಕೇಳಿಸಿತೋ ಮುಗಿಯಿತು: "ಮೊದ್ಲು ಗೋಲ್ಡ್ ಮೆಡಲ್ ತಗೊಳ್ರಪ್ಪ. ಆಮೇಲೆ ಲುಂಗಿ ಉಟ್ಕೊಂಡು ಹಾಡಿ, ನಾನೇ ಬಂದು ಮುಂದಿನ ಸೀಟಲ್ಲಿ ಕೂತ್ಕೋತೀನಿ."

ರಘು ಅವರ ಶುರುವಿನ ಕಥೆ ನಮಗೆಲ್ಲ ಬಾಯಿಪಾಠ ಆಗಿತ್ತು. ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ. ಗಂಡು ಹುಡುಗ ಗೆಜ್ಜೆ ಕಟ್ಟಿ ಕುಣಿಯುತ್ತಾನೆ ಅಂತ ಕಾಲೇಜಿನಲ್ಲಿ ಸಹಪಾಠಿ ರೇಗಿಸಿದ, ಆ ಹಟಕ್ಕೆ ಗಿಟಾರ್ ಹಿಡಿದರು. ಓದು ಮುಗಿಸಿ ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ. ಅದನ್ನು ಬಿಟ್ಟು ಬಂದು ಹಾಡು. ಮೈಸೂರಿನಲ್ಲಿ 'ಅಂತರಾಗ್ನಿ' ಅನ್ನುವ ಬ್ಯಾಂಡ್ ಕಟ್ಟಿದರು. ಅದು ಮುರಿದ ಮೇಲೆ ತಮ್ಮ ಹೆಸರಿನಲ್ಲೇ ಇನ್ನೊಂದು. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬೇಡ ಅಂದವು. ಕೊನೆಗೆ ಮುಂಬೈನಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಕಿವಿಗೆ ಬಿದ್ದು, ಅವರೇ ಆಲ್ಬಂ ಹೊರತಂದರು. ಅಷ್ಟು ಹೊತ್ತಿಗೆ ರಘು ಅವರಿಗೆ ವಯಸ್ಸು 33.

ಈ ಕಥೆ ಹೇಳುವಾಗ ಎಲ್ಲರೂ ಆ ಹಟ ಮತ್ತು ಮುಂಬೈ ಎರಡನ್ನೇ ಹೇಳುತ್ತಾರೆ. ನಡುವಿನ ವರ್ಷಗಳನ್ನು ಹಾರಿಸಿಬಿಡುತ್ತಾರೆ. ನನಗೆ ಮಾತ್ರ ಆಗಲೂ ಈಗಲೂ ಕಾಣುವುದು ಆ ಗೆಜ್ಜೆಯೇ. ಸ್ಟೇಜ್ ಮೇಲೆ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ನಿಲ್ಲುವುದನ್ನು ಸುಮ್ನೆ ವೇಷ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಗಿಟಾರಿಗಿಂತ ಮೊದಲೇ ಕಾಲಿನಲ್ಲಿ ಲಯ ಕೂತವರು ಅವರು. ನಮ್ಮ ಹಳ್ಳಿಯ ಪದಗಳೂ ಕುಣಿಯುವ, ಕುಟ್ಟುವ, ಬೀಸುವ ಕೆಲಸದ ಜೊತೆಗೇ ಹುಟ್ಟಿದವಲ್ವಾ? ಅದಕ್ಕೇ ಎರಡೂ ಹೊಂದಿಕೊಂಡವು.

ಶರೀಫರ ಪದದ ದಾರಿಯೂ ತಮಾಷೆಯಾಗಿದೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಅವರ ಗುರು ಕಳಸದ ಗೋವಿಂದ ಭಟ್ಟರು. ಇದು ಕುದುರೆಮುಖದ ಹತ್ತಿರ ಇರುವ ನಮ್ಮ ಕಡೆಯ ಕಳಸ ಅಲ್ಲ. ಕುಂದಗೋಳ ತಾಲ್ಲೂಕಿನದು. ಹಾಸ್ಟೆಲ್ಲಿನಲ್ಲಿದ್ದ ಮೂಡಿಗೆರೆಯ ಹುಡುಗ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅಷ್ಟು ದೂರದ ಪದ ನಮ್ಮ ಹಾಸನದ ಮನೆಮನೆಗೆ ಬಂದದ್ದು ಹೆಚ್ಚಾಗಿ ಸಿ. ಅಶ್ವತ್ಥ್ ಅವರ ಕ್ಯಾಸೆಟ್‌ನಿಂದ, 1990ರ 'ಸಂತ ಶಿಶುನಾಳ ಶರೀಫ' ಸಿನಿಮಾದಿಂದ. ಅಶ್ವತ್ಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ಉತ್ತರದ ಪದ ಪಟ್ಟಣದವರ ಗಂಟಲಿಗೆ ಬಂತು, ಅಲ್ಲಿಂದ ಮೈಸೂರಿನವರ ಗಿಟಾರಿಗೆ ಹತ್ತಿತು. ಅದನ್ನು ನಾವು ಸಾಲಗಾಮೆ ರಸ್ತೆಯ ಟೀ ಅಂಗಡಿಯಲ್ಲಿ ಕೂತು ಕೇಳುತ್ತಿದ್ದೆವು.

"ಇದನ್ನ ನಮ್ಮ ತಾತ ಬೇರೆ ಥರ ಹಾಡ್ತಾರೆ" ಅಂತ ಪಟ್ಣ ಒಂದು ದಿನ ಅಂದ. ಅಷ್ಟು ದಿನ ಈ ತಾತನ ವಿಷಯವನ್ನೇ ಅವನು ಎತ್ತಿರಲಿಲ್ಲ.

ಹೊರಟೆವು. ಚನ್ನರಾಯಪಟ್ಟಣಕ್ಕೆ ಕೆಂಪು ಬಸ್ಸು, ಅಲ್ಲಿಂದ ಆಟೋ, ಗಿಟಾರ್ ನನ್ನ ತೊಡೆ ಮೇಲೆ. ಶನಿವಾರ. ಊರಿನ ರಾಮಮಂದಿರದಲ್ಲಿ ರಾತ್ರಿ ಭಜನೆ. ಊಟ ಮುಗಿಸಿಕೊಂಡು ಒಬ್ಬೊಬ್ಬರೇ ಬಂದು ಚಾಪೆಯ ಮೇಲೆ ಕೂತರು. ತಾಳ ಹಿಡಿದವರು ಇಬ್ಬರು. ತಾತನ ಕೈಯಲ್ಲಿ ಏಕತಾರಿ. ದಮ್ಮಡಿ, ಅಂದರೆ ಒಂದೇ ಕಡೆ ಚರ್ಮ ಬಿಗಿದ ಬಳೆಯಾಕಾರದ ವಾದ್ಯ, ಇನ್ನೊಬ್ಬರದು. ಮಳೆಗಾಲ, ದಮ್ಮಡಿಯ ಚರ್ಮ ಸಡಿಲವಾಗಿತ್ತು. ಅವರು ಎದ್ದು ಪಕ್ಕದ ಮನೆಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಚರ್ಮವನ್ನು ಕೆಂಡಕ್ಕೆ ತೋರಿಸುವುದು, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಟಣ್ ಅನ್ನಿಸುವುದು, ತಲೆ ಅಲ್ಲಾಡಿಸುವುದು, ಮತ್ತೆ ಕೆಂಡಕ್ಕೆ ತೋರಿಸುವುದು. ಅವಸರವೇ ಇಲ್ಲ. ಸಕಲೇಶಪುರ ಅವರ ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಅವನು ಒಂದು ದಮ್ಮಡಿ ಕೊಂಡ. ಡ್ರಮ್ ಸೆಟ್ ಕೊಂಡದ್ದು ಅದಾದ ಎಷ್ಟೋ ದಿನಕ್ಕೆ.

ತಾತ ಶುರು ಮಾಡಿದರು. ನಾನು ಗಿಟಾರಿನಲ್ಲಿ ಶ್ರುತಿ ಹುಡುಕಿದೆ. ಸಿಗುತ್ತಿಲ್ಲ. ಕೀಬೋರ್ಡಿನವನು ಇದ್ದಿದ್ದರೆ ಒಂದು ಬಟನ್ ಒತ್ತಿ ಟ್ರಾನ್ಸ್‌ಪೋಸ್ ಮಾಡಿ ಶ್ರುತಿ ಬದಲಿಸುತ್ತಿದ್ದ, ಅವನು ಬಂದಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಡ್ರಾಮಾ ಮೇಷ್ಟ್ರು ನಕ್ಕರು. ಆ ಊರಿಗೆ ಕುರುಕ್ಷೇತ್ರ ನಾಟಕ ಕಲಿಸಲು ಬಂದು, ಹಾರ್ಮೋನಿಯಂ ಸಮೇತ ತಿಂಗಳುಗಟ್ಟಲೆ ಉಳಿದಿದ್ದವರು ಅವರು. "ಗೌಡ್ರು ಯಾವತ್ತೂ ಬಿಳಿ ನಾಲ್ಕು ಕಣಪ್ಪ. ನೀನೇ ಅಲ್ಲಿಗೆ ಹತ್ತಬೇಕು, ಅವರು ಇಳಿಯಲ್ಲ."

ಹಾರ್ಮೋನಿಯಂನ ಬಿಳಿ ಮನೆಗಳಲ್ಲಿ ನಾಲ್ಕನೆಯದು. ಗಿಟಾರಿನವರ ಭಾಷೆಯಲ್ಲಿ ಎಫ್. ಮೈಕ್ ಇಲ್ಲದ ಕಾಲದಲ್ಲಿ ನಾಟಕ ಆಡಿ, ಊರಾಚೆಗೂ ಕೇಳಲಿ ಅಂತ ಹಾಡಿದ ಗಂಟಲುಗಳಿಗೆ ಅದೇ ಎತ್ತರ. ಎಪ್ಪತ್ತು ದಾಟಿದ ತಾತ ಅಲ್ಲಿ ಆರಾಮಾಗಿ ಓಡಾಡುತ್ತಿದ್ದರು.

ನಮ್ಮಲ್ಲಿ ಕೇಪೋ, ಅಂದರೆ ಆರೂ ತಂತಿಗಳನ್ನು ಒಟ್ಟಿಗೆ ಅದುಮಿ ಶ್ರುತಿ ಏರಿಸುವ ಕ್ಲಿಪ್, ಇರಲಿಲ್ಲ. ಡ್ರಾಮಾ ಮೇಷ್ಟ್ರ ಜೇಬಿನ ಪೆನ್ಸಿಲ್ ತಗೊಂಡು ಗಿಟಾರಿನ ಕತ್ತಿನ ಮೂರನೇ ಫ್ರೆಟ್ಟಿನ (ಅಡ್ಡಪಟ್ಟಿಯ) ಮೇಲೆ ಅಡ್ಡ ಇಟ್ಟು, ಕತ್ತಿನ ಹಿಂದಿನಿಂದ ಎರಡು ರಬ್ಬರ್ ಬ್ಯಾಂಡ್ ಬಿಗಿದೆ. ಅದಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿದ್ದೆ. ಕೊನೆಯ ದಪ್ಪ ತಂತಿ, ತೆಳು ತಂತಿ, ಅದರ ಪಕ್ಕದ್ದು, ಈ ಮೂರನ್ನೂ ಒಂದೊಂದು ಸ್ವರ ಇಳಿಸಿಟ್ಟೆ. ಹೀಗೆ ಮಾಡಿದರೆ ಆರು ತಂತಿಗಳು ಸ ಪ ಸ ಮ ಪ ಸ ಅಂತ ನಿಲ್ಲುತ್ತವೆ. ಕೈ ಎಲ್ಲೂ ಒತ್ತದೆ ಸುಮ್ನೆ ಎಳೆದರೂ ತಂಬೂರಿಯಂತೆ ಮೊರೆಯುತ್ತದೆ.

ಗಿಟಾರ್ ಕಲಿಯುತ್ತಿರುವ ಈಗಿನ ಹುಡುಗ ಹುಡುಗಿಯರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉಳಿದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಸ ಪ ಸ ಮ ಪ ಸ, ಇದರಲ್ಲಿ ಗಾಂಧಾರ, ಅಂದರೆ ಗ ಸ್ವರ, ಇಲ್ಲ. ಹಲವು ಸ್ವರ ಒಟ್ಟಿಗೆ ನುಡಿಸುವುದು ಕಾರ್ಡ್, ಮಾಮೂಲಿ ಮೇಜರ್ ಕಾರ್ಡ್, ಮೈನರ್ ಕಾರ್ಡ್ ಬೇರೆ ಆಗುವುದೇ ಗಾಂಧಾರದಿಂದ. ಆದರೆ ತಾತನ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ. ಮೇಲೆ ಹೋಗುವಾಗ ಒಂದು, ಇಳಿಯುವಾಗ ಇನ್ನೊಂದು, ಕೆಲವೊಮ್ಮೆ ಎರಡು ಫ್ರೆಟ್ಟಿನ ನಡುವೆ ಎಲ್ಲೋ. ಅಲ್ಲಿ ಮೇಜರ್ ಕಾರ್ಡ್ ಹೊಡೆದರೆ ಅದು ಹಾಡುವವರ ಬಾಯಿ ಮುಚ್ಚಿಸಿದ ಹಾಗೆ. ಗಾಂಧಾರವನ್ನು ಗಂಟಲಿಗೆ ಬಿಟ್ಟು, ಷಡ್ಜ ಪಂಚಮ (ಸ, ಪ) ಮಾತ್ರ ಗಿಟಾರ್ ಹಿಡಿದುಕೊಂಡರೆ ಜಗಳವೇ ಇಲ್ಲ. ರಾಕ್‌ನವರ ಪವರ್ ಕಾರ್ಡ್ ಕೂಡ ಅಷ್ಟೆ, ಷಡ್ಜ ಮತ್ತು ಪಂಚಮ. ಜನಪದಕ್ಕೂ ರಾಕ್‌ಗೂ ನಂಟು ಹೇಗೆ ಅಂತ ಕೇಳುವವರಿಗೆ ನನ್ನ ಹತ್ತಿರ ಇರುವ ಉತ್ತರ ಇದೇ.

ಅಂತೂ ಆ ರಾತ್ರಿ ನಾನು ಆರು ತಂತಿ ಎಳೆಯುತ್ತಾ ಹಿಂದೆ ಹೋದೆ. ಎರಡು ಪದ ಆದ ಮೇಲೆ ತಾತ ಏಕತಾರಿ ಕೆಳಗಿಟ್ಟು ನನ್ನ ಗಿಟಾರ್ ನೋಡಿದರು. "ಇದ್ಯಾಕ್ ಮಗ ಆರ್ ತಂತಿ? ಬುಡು, ನಂಗ್ ಒಂದ್ರಲ್ಲೇ ಸಾಕಾಗದೆ." ಎಲ್ಲರೂ ನಕ್ಕರು. ಆಮೇಲೆ ಮುದ್ದೆ ಸಾರಿನ ಜೊತೆ ಇನ್ನೊಂದು ಮಾತು ಹೇಳಿದರು, "ನೀನು ಎಣಿಸ್ತಾ ಇದ್ದೆ. ಬಾಯಲ್ಲಿ ಎಣಿಸ್ಬ್ಯಾಡ. ಉಸ್ರು ಎಲ್ ತಗೀತೀನಿ ನೋಡ್ಕೊ." ಪದದ ನಡೆ ತಿಶ್ರ, ಅಂದರೆ ಮೂರು ಮೂರು ಪೆಟ್ಟಿನದು, ಆದರೆ ಚರಣ ಮುಗಿದ ಕಡೆ ಉಸಿರಿಗಾಗಿ ಅವರು ಒಂದು ಪೆಟ್ಟು ಜಾಸ್ತಿ ನಿಲ್ಲುತ್ತಿದ್ದರು. ದಮ್ಮಡಿಯವರೂ ಕಾಯುತ್ತಿದ್ದರು. ನಮ್ಮ ಲೆಕ್ಕಕ್ಕೆ ಅದು ತಾಳ ತಪ್ಪು. ಅವರ ಪ್ರಕಾರ ಹಾಡು ಇರುವುದೇ ಹಾಗೆ.

ಅಲ್ಲಿಂದ ಬಂದ ಮೇಲೆ ನಮ್ಮ ಬ್ಯಾಂಡಿಗೆ ಒಂದು ದಿಕ್ಕು ಸಿಕ್ಕಿತು, ಜೊತೆಗೆ ಒಂದು ತೊಂದರೆಯೂ. ಕಾಲೇಜು ಸ್ಪರ್ಧೆಗಳಲ್ಲಿ ಜನಪದ ವಾದ್ಯದ ವಿಭಾಗ ಒಂದು, ಪಾಶ್ಚಾತ್ಯ ಸಮೂಹ ಗಾಯನದ ವಿಭಾಗ ಇನ್ನೊಂದು. ನಾವು ಎರಡಕ್ಕೂ ಸೇರುವವರಲ್ಲ. ಒಂದು ಕಡೆ ಜನಪದಕ್ಕೆ ಹೆಸರು ಕೊಟ್ಟರೆ "ಗಿಟಾರ್ ಕೆಳಗಿಡಿ" ಅಂದರು. ಇನ್ನೊಂದು ಕಡೆ ಪಾಶ್ಚಾತ್ಯಕ್ಕೆ ಹೋದರೆ ತೀರ್ಪುಗಾರರು ದಮ್ಮಡಿ ನೋಡಿ, "ಇದು ಯಾವ ಸೀಮೆ ವೆಸ್ಟರ್ನ್ ಅಪ್ಪಾ?" ಅಂದರು. ಬಹುಮಾನ ಎಲ್ಲೂ ಬರಲಿಲ್ಲ. ಚಪ್ಪಾಳೆಗೆ ಬರ ಇರಲಿಲ್ಲ, ಅದು ಬೇರೆ ಲೆಕ್ಕ.

ದುಡ್ಡು ಬಂದದ್ದು ಆರ್ಕೆಸ್ಟ್ರಾದಿಂದ. ಗಣಪತಿ ಪೆಂಡಾಲು, ಊರಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಹಾಸನ ಸುತ್ತ ಯಾವ ಸರ್ಕಲ್ಲಿನಲ್ಲಿ ಸ್ಟೇಜ್ ಹಾಕಿದರೂ ಒಬ್ಬ ಗಿಟಾರಿನವನು ಬೇಕು. ನಾನು ಅವರ ಜೊತೆ ಸಿನಿಮಾ ಹಾಡು ನುಡಿಸಿಕೊಂಡು ಓಡಾಡಿದೆ. ಇದನ್ನು ಕೀಳಾಗಿ ಕಾಣುವ ಬ್ಯಾಂಡಿನವರಿದ್ದಾರೆ. ನಾನು ಕಾಣಲ್ಲ. ಚೀಟಿ ಮೇಲೆ ಚೀಟಿ ಬರುತ್ತಿರುತ್ತೆ, ರಿಹರ್ಸಲ್ ಇರಲ್ಲ, ಹಾಡುವವರು ಆ ಕ್ಷಣಕ್ಕೆ ಶ್ರುತಿ ಹೇಳುತ್ತಾರೆ, ಕರೆಂಟ್ ಹೋದರೆ ತಮಟೆಯವರ ಜೊತೆ ಸೇರಿಕೊಂಡು ಜನರನ್ನು ಹಿಡಿದಿಡಬೇಕು. ಯಾವ ಸಂಗೀತ ಶಾಲೆಯಲ್ಲಿ ಇದನ್ನೆಲ್ಲ ಕಲಿಸುತ್ತಾರೆ? ಒಂದು ಸಲ ಹೊಳೆನರಸೀಪುರದ ಕಡೆ ಹೀಗೆ ಕರೆಂಟ್ ಹೋದಾಗ ಪಟ್ಣ ಮೈಕ್ ಇಲ್ಲದೆ ತಾತನ ಪದ ಎತ್ತಿಕೊಂಡ. ಸಕಲೇಶಪುರ ದಮ್ಮಡಿ ತೆಗೆದ. ಕರೆಂಟ್ ಬಂದ ಮೇಲೂ ಜನ ಸಿನಿಮಾ ಹಾಡು ಕೇಳಲಿಲ್ಲ. ಕಮಿಟಿಯ ಅಧ್ಯಕ್ಷರು ಮಾತ್ರ ಕೇಳಿದರು, ಅವರ ಮಗಳ ಇಷ್ಟದ ಹಾಡಂತೆ.

ನಾವು ಕೊನೇ ವರ್ಷದಲ್ಲಿದ್ದಾಗ, 2009ರ ಡಿಸೆಂಬರ್ 29ರಂದು ಅಶ್ವತ್ಥ್ ತೀರಿಕೊಂಡರು. ಅವರು ಹುಟ್ಟಿದ ದಿನವೂ ಅದೇ. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ನಾವು ಎರಡು ಹಾಡು ಹಾಡಿದೆವು. ಕನ್ನಡ ಮೇಷ್ಟ್ರು ಅವತ್ತು ಮಾತಾಡುತ್ತಾ ಒಂದು ವಿಷಯ ಹೇಳಿದರು. ಅಶ್ವತ್ಥ್ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ಕೆಲಸ ಮಾಡಿದವರು. ಅಷ್ಟೆಲ್ಲ ಹಾಡು ಕಟ್ಟಿದ್ದು ಆ ಕೆಲಸದ ಜೊತೆಗೇ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ 'ಕನ್ನಡವೇ ಸತ್ಯ' ಹಾಡಿನ ಕಾರ್ಯಕ್ರಮ ನಡೆದು ಜನಸಾಗರ ಸೇರಿದ್ದು 2005ರಲ್ಲಿ, ಅವರಿಗೆ 65 ಆದ ಮೇಲೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮಪ್ಪ ಇದನ್ನು ಗಮನವಿಟ್ಟು ಕೇಳಿದರು ಅಂತ ಆಮೇಲೆ ಗೊತ್ತಾಯಿತು. ಡಿಗ್ರಿ ಮುಗಿದ ದಿನ ಅವರು ಹೇಳಿದ್ದು: "ಅಶ್ವತ್ಥ್ ಥರ ಮಾಡು. ಕೆಲಸ ಹಿಡಿ, ಹಾಡು ಬಿಡಬೇಡ." ಗಿಟಾರ್ ಬಗ್ಗೆ ಅಪ್ಪ ಬಾಯಿ ಬಿಟ್ಟಿದ್ದು ಅದೇ ಮೊದಲು.

ಹಾಗೇ ಮಾಡಿದೆ. ಪೀಣ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ. ಹಗಲು ಸ್ಯಾಂಪಲ್, ಸಂಜೆ ಪ್ರಾಕ್ಟೀಸ್. ಪಟ್ಣನೂ ಬೆಂಗಳೂರಿಗೆ ಬಂದ, ಸಕಲೇಶಪುರವೂ. ಅರಸೀಕೆರೆಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋದ. ಅವನ ಜಾಗಕ್ಕೆ ಪಿಟೀಲು ಬಂತು. ಬೆಂಗಳೂರಿನ ಪಬ್ಬುಗಳಲ್ಲಿ ಆಗ "ಕನ್ನಡ ಬೇಡ ಅಂತಲ್ಲ, ಒಂದೆರಡು ಸಾಕು" ಅನ್ನುತ್ತಿದ್ದರು. 2010ರ ಕೊನೆಯಲ್ಲಿ ರಘು ದೀಕ್ಷಿತ್ ಬಿಬಿಸಿ ಟಿವಿಯಲ್ಲಿ, ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿದರು. ಅದಾದ ಮೇಲೆ ಅದೇ ಮ್ಯಾನೇಜರುಗಳು "ಆ ಥರದ್ದು ಏನಾದ್ರೂ ಇದ್ಯಾ?" ಅಂತ ಫೋನ್ ಮಾಡತೊಡಗಿದರು. ಲಂಡನ್ ಸುತ್ತಿ ಬಂದ ಮೇಲೆ ಕನ್ನಡ ಕೇಳಲು ಚೆನ್ನಾಗಿರುತ್ತೆ ಅಂತ ಕಾಣುತ್ತೆ. ನಮಗೇನು, ಕೆಲಸ ಸಿಕ್ಕಿತು.

ನಮ್ಮ ಮೊದಲ ಹಾಡಿನ ರೆಕಾರ್ಡಿಂಗ್‌ಗೆ ತಾತನನ್ನೇ ಕರೆದುಕೊಂಡು ಬಂದೆವು. ಬಸವೇಶ್ವರನಗರದ ಒಂದು ಮನೆಯ ಮಹಡಿಯ ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜ್ ಮೆತ್ತಿದ್ದು ನೋಡಿ ತಾತ "ಹಾಸಿಗೆ ಯಾಕ್ ನಿಲ್ಸವ್ರೆ?" ಅಂದರು. ಹೆಡ್‌ಫೋನ್ ಹಾಕಿ ಲಯಕ್ಕಾಗಿ ಟಿಕ್ ಟಿಕ್ ಕೇಳಿಸಿದರೆ ಕಿತ್ತು ಪಕ್ಕಕ್ಕಿಟ್ಟರು. ಸ್ಟುಡಿಯೋದವರಿಗೆ ಕೈಕಾಲು ಆಡಲಿಲ್ಲ. ಎಲ್ಲ ವಾದ್ಯ ಆದ ಮೇಲೆ ಹಾಡುವವರ ಧ್ವನಿ ಹಿಡಿಯುವುದು ಅವರ ಪದ್ಧತಿ. ಸಕಲೇಶಪುರ ಅದನ್ನು ತಲೆಕೆಳಗು ಮಾಡಿಸಿದ. ಮೊದಲು ತಾತ ಮತ್ತು ದಮ್ಮಡಿ ಮಾತ್ರ, ಎದುರುಬದುರು ಕೂತು, ಬಿಳಿ ನಾಲ್ಕರಲ್ಲಿ. ಉಸಿರಿಗೆ ನಿಂತ ಕಡೆ ನಿಂತದ್ದೇ. ಆಮೇಲೆ ನಾವೆಲ್ಲ ಅದನ್ನು ಕೇಳಿ ಕೇಳಿ, ಅವರು ನಿಂತ ಕಡೆ ನಿಂತು, ಹೊರಟ ಕಡೆ ಹೊರಟು ನುಡಿಸಿದೆವು. ಬಾಸ್ ನುಡಿಸುವ ಹುಡುಗ ಒಂದು ಹಾಡಿಗೆ ಇಡೀ ರಾತ್ರಿ ತಗೊಂಡು, ಬೆಳಗ್ಗೆ ತಿಂಡಿಯ ಹೊತ್ತಿಗೆ "ಈಗ ಉಸಿರು ಕೇಳಿಸ್ತಾ ಇದೆ ಅಣ್ಣ" ಅಂದ.

ತಾತ ಕೂಲಿ ಅಂತ ಏನೂ ತಗೊಳ್ಳಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿಸುವಾಗ ದಮ್ಮಡಿಯವರಿಗೆ ಒಂದು ಹೊಸ ದಮ್ಮಡಿ ಕೊಡಿಸಿ ಅಂದರು, ಕೊಡಿಸಿದೆವು. ಈಗ ತಾತ ಇಲ್ಲ. ಆ ಪದವನ್ನು ಪಟ್ಣ ಹಾಡುತ್ತಾನೆ. ಅವನ ಗಂಟಲಿಗೆ ಬಿಳಿ ನಾಲ್ಕು ಎಟಕಲ್ಲ, ಬಿಳಿ ಎರಡಕ್ಕೆ ಇಳಿಸಿದ್ದೇವೆ. ನನಗೆ ಅದು ಸುಲಭ, ಪೆನ್ಸಿಲ್ಲೂ ಬೇಡ ಕೇಪೋನೂ ಬೇಡ. ಪಟ್ಣನ ಅಮ್ಮ ಮಾತ್ರ "ನಿಮ್ ತಾತ ಕೇಳಿದ್ರೆ ಬೈಯೋರು" ಅಂತ ಪ್ರತಿ ಸಲ ಹೇಳುತ್ತಾರೆ.

ಮುಂದಿನ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆಯುವ ಮಾತು ನಡೆಯುತ್ತಿದೆಯಂತೆ. ಬರುತ್ತೇವೆ. ಸೌಂಡ್ ಸಿಸ್ಟಂನವರಿಗೆ ಮಾತ್ರ ಮೊದಲೇ ಹೇಳಿಡಿ. ದಮ್ಮಡಿಗೆ ಬೇರೆಯೇ ಮೈಕ್ ಬೇಕು. ಮಳೆ ಇದ್ದರೆ ಸ್ಟೇಜಿನ ಹಿಂದೆ ಒಂದು ಸಣ್ಣ ಕೆಂಡದ ಒಲೆ ಇಡಲು ಜಾಗ ಬೇಕು. ಪ್ರಿನ್ಸಿಪಾಲರ ಒಪ್ಪಿಗೆ ಅದಕ್ಕೂ ಸೇರಿಸಿ ಈಗಲೇ ತಗೊಂಡುಬಿಡಿ. ಹಾಂ, ಮೈಕ್ರೋಬಯಾಲಜಿ ಮೇಡಂ ಮುಂದಿನ ಸೀಟಿನ ವಿಷಯ ಮರೆತಿದ್ದರೆ ಯಾರಾದರೂ ನೆನಪಿಸಿ. ಗೋಲ್ಡ್ ಮೆಡಲ್ ಬಂದಿಲ್ಲ, ಲುಂಗಿ ತರುತ್ತೇವೆ.